ಓಟದ ಅಭ್ಯಾಸ ಮತ್ತು ಮೊಣಕಾಲಿನ ರಕ್ಷಣೆ

ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆ ಬಯಸುವ ಯುವಕರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಅದಕ್ಕಾಗಿ ಚಡಚಣ, ಇಂಡಿ ಭಾಗದ ತರುಣರು ನಸುಕಿನಲ್ಲಿಯೇ ಡಾಂಬರು ರಸ್ತೆಗಿಳಿಯುವುದನ್ನು ನಾವು ಕಾಣುತ್ತೇವೆ. ನೇಮಕಾತಿಯ ಪ್ರಕಟಣೆ ಹೊರಟೊಡನೆ ಒಮ್ಮೆಲೇ ಓಟ ಹೆಚ್ಚಿಸಿದವರಲ್ಲಿ ಮೊಣಕಾಲ ಚಿಪ್ಪಿನ ಸುತ್ತ ನೋವು ಕಾಣಿಸಿಕೊಳ್ಳುವುದುಂಟು. ಮೆಟ್ಟಿಲಿಳಿಯುವಾಗ, ಕುಕ್ಕರಗಾಲಿನಲ್ಲಿ ಕೂಡುವಾಗ ಅದು ಹೆಚ್ಚುತ್ತದೆ.

ಬೆಲೆಯುಳ್ಳ ಬೂಟು ಕೊಂಡರೆ ಈ ನೋವು ನೀಗೀತೆಂದು ನಾವು ಭಾವಿಸಲಾಗದು. ಪಾದಕ್ಕೆ ಹಿತವಾಗಿ ಒಪ್ಪುವುದೇ ಒಳ್ಳೆಯ ಬೂಟು. ಸಂಜೆಯ ವೇಳೆಗೆ ಪಾದಗಳು ತುಸು ಉಬ್ಬುವುದರಿಂದ ಆಗಲೇ ಕೊಳ್ಳುವುದು ಲೇಸು. ಓಡುವಾಗ ಧರಿಸುವ ಕಾಲುಚೀಲವನ್ನೇ ಹಾಕಿಕೊಂಡು, ಎದ್ದು ನಿಂತು, ನಡೆದು ಪರೀಕ್ಷಿಸಬೇಕು. ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗವಿರಬೇಕು, ಹಿಮ್ಮಡಿ ಜಾರಬಾರದು. ಅಟ್ಟೆ ಸವೆದ ಬೂಟಿನಲ್ಲಿ ಓಡಬಾರದು.

ನೋವು ತೋರಿದಾಗ ದೂರವನ್ನೂ ವೇಗವನ್ನೂ ತಗ್ಗಿಸಿ, ಹೆಜ್ಜೆಗಳನ್ನು ಕಿರಿದಾಗಿಸಬೇಕು. ತೊಡೆ, ಸೊಂಟಗಳ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಕೆಲವು ವಾರ ತಪ್ಪದೆ ಮಾಡಿದರೆ ಬಹುಮಂದಿಗೆ ಗುಣ ಕಾಣುತ್ತದೆ. ನೋವಿನ ಗುಳಿಗೆ ನುಂಗಿ ಓಡುವುದು ದೇಹದ ಎಚ್ಚರಿಕೆಯನ್ನು ಮುಚ್ಚಿಟ್ಟಂತೆ. ಬಾವು ಬಂದರೆ, ಮೊಣಕಾಲು ಸಿಕ್ಕಿಕೊಂಡಂತಾದರೆ, ಇಲ್ಲವೆ ನಿಂತಲ್ಲೇ ಕುಸಿದರೆ ತಡಮಾಡದೆ ಎಲುಬು ತಜ್ಞರಿಗೆ ತೋರಿಸಬೇಕು. ಪ್ರಕಟಣೆಗೆ ಕಾಯದೆ, ತಿಂಗಳುಗಳ ಮೊದಲೇ ಅಭ್ಯಾಸ ಆರಂಭಿಸಿ, ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗುವುದು ಎಲ್ಲಕ್ಕಿಂತ ಮೇಲಾದ ರಕ್ಷಣೆ.