ಈಕೆ ಯಾರ ಮಗಳು? ಸೈನ್ಯದ ದಾಖಲೆ ಹಿಡಿದು ನಡೆದ ಒಂದು ಪಾಠ

ಬೋಧನಾ ಅಭ್ಯಾಸದ ಎರಡನೆಯ ವಾರ ಎಂಟನೆಯ ತರಗತಿಗೆ ‘ಆಧಾರಗಳು’ ಪಾಠದ ಮುಂದುವರಿಕೆಯಾಗಿ ಒಂದು ಅವಧಿ ತೆಗೆದುಕೊಂಡೆ. ಶಾಸನ, ನಾಣ್ಯ, ಸ್ಮಾರಕ ಎಂದು ಮಕ್ಕಳು ಪಟ್ಟಿ ಒಪ್ಪಿಸುತ್ತಿದ್ದರು. ಆದರೆ ಒಂದು ಆಧಾರವನ್ನು ಯಾವಾಗ ನಂಬಬೇಕೆಂಬ ಪ್ರಶ್ನೆ ಅವರಲ್ಲಿ ಹುಟ್ಟಿರಲಿಲ್ಲ. ಒಂದು ಹೇಳಿಕೆಯನ್ನು ಮತ್ತೊಂದು ದಾಖಲೆಯೊಡನೆ ತಾಳೆ ನೋಡುವುದನ್ನು ಕಲಿಸುವುದೇ ನನ್ನ ಉದ್ದೇಶವಾಗಿತ್ತು.

ಪ್ರಸಂಗ: 1888ರ ನವೆಂಬರ್ 9ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಮೇರಿ ಜೇನ್ ಕೆಲ್ಲಿ ಎಂಬ ಯುವತಿಯ ಕೊಲೆಯಾಯಿತು. ಕೊಲೆಗಾರ ಸಿಗಲಿಲ್ಲ, ‘ಜ್ಯಾಕ್ ದ ರಿಪ್ಪರ್’ ಎಂಬ ಅಡ್ಡಹೆಸರಷ್ಟೇ ಉಳಿಯಿತು. ಕೊಲೆಯ ವಿವರಗಳನ್ನು ತರಗತಿಗೆ ತರಬಾರದೆಂದು ಮೊದಲೇ ತೀರ್ಮಾನಿಸಿದ್ದೆ. ಕರಿಹಲಗೆಯ ಮೇಲೆ ಬರೆದ ಪ್ರಶ್ನೆ ಒಂದೇ: ಈಕೆ ಯಾರ ಮಗಳು?

ಆಕೆಯೊಡನೆ ಬಾಳಿದ್ದ ಜೋಸೆಫ್ ಬಾರ್ನೆಟ್ ಹೇಳಿದ ಸಂಗತಿಗಳನ್ನು ಕೆಳಗೆ ಬರೆದೆ. ಹುಟ್ಟಿದ್ದು ಐರ್ಲೆಂಡಿನ ಲಿಮರಿಕ್. ಚಿಕ್ಕಂದಿನಲ್ಲೇ ವೇಲ್ಸ್‌ಗೆ ಹೋದದ್ದು. ತಂದೆ ಜಾನ್ ಕೆಲ್ಲಿ ಕಬ್ಬಿಣದ ಕಾರ್ಖಾನೆಯ ಮೇಲ್ವಿಚಾರಕ. ಒಬ್ಬ ಸಹೋದರ ಸೈನ್ಯದಲ್ಲಿ. ಆತನ ಹೆಸರು ಹೆನ್ರಿ, ಸ್ಕಾಟ್ಸ್ ಗಾರ್ಡ್ಸ್‌ನ ಎರಡನೆಯ ಬೆಟಾಲಿಯನ್, ಜೊತೆಗಾರರು ಕರೆಯುತ್ತಿದ್ದುದು ‘ಜಾಂಟೋ’ ಎಂದು.

“ಯಾವುದನ್ನು ಹಿಡಿದು ಹುಡುಕುತ್ತೀರಿ?” ಎಂದೆ. “ಸೈನ್ಯ, ಮಿಸ್. ಅಲ್ಲಿ ಎಲ್ಲಾ ಬರೆದಿಡ್ತಾರೆ” ಎಂದ ಒಬ್ಬ.

ಉತ್ತರ ಸರಿಯೇ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಆ ಕಾಲದ ಸೈನಿಕರ ಬಿಡುಗಡೆ ಪತ್ರಗಳಿವೆ. ಹುಟ್ಟೂರು, ಸೇರಿದಾಗಿನ ವಯಸ್ಸು, ಹಿಂದಿನ ಕಸುಬು ಅವುಗಳಲ್ಲಿ ಸಿಗುತ್ತವೆ. 1883ರ ನಂತರದ ಪತ್ರಗಳಲ್ಲಿ ಹತ್ತಿರದ ಬಂಧುಗಳ ಹೆಸರೂ ಸಿಗಬಹುದು. ಆದರೆ ಸೇವೆಯಲ್ಲಿದ್ದಾಗಲೇ ಸತ್ತವರ, ಓಡಿಹೋದವರ ಪತ್ರಗಳು ಸಾಮಾನ್ಯವಾಗಿ ಅಲ್ಲಿರುವುದಿಲ್ಲ.

ಬಳಿಕ ಅಭ್ಯಾಸಕ್ಕೆಂದು ನಾನೇ ಕಲ್ಪಿಸಿ ಬರೆದ ಮೂರು ಸೈನಿಕರ ಚೀಟಿಗಳನ್ನು, ಕಲ್ಪಿತವೆಂದು ಹೇಳಿಯೇ, ಗುಂಪುಗಳಿಗೆ ಕೊಟ್ಟೆ. ಎರಡೇ ನಿಮಿಷದಲ್ಲಿ “ಸಿಕ್ಕಿದ!” ಎಂಬ ಕೂಗು. ಚೀಟಿಯಲ್ಲಿ ಹೆನ್ರಿ ಕೆಲ್ಲಿ ಎಂದಿತ್ತು. ಹುಟ್ಟೂರು ಬೇರೆಯಿದ್ದದ್ದನ್ನು ಅವರು ನೋಡಿರಲಿಲ್ಲ. ಆಗ ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಹೆಸರು ಒಂದೇ ಆದ್ರೆ ಸಾಕಾ ಮಿಸ್? ನಮ್ಮ ಕ್ಲಾಸಲ್ಲೇ ಇಬ್ರು ಮಂಜುನಾಥ ಇದಾರೆ.” ಪಕ್ಕದವಳು ಸೇರಿಸಿದಳು: “ಜಾಂಟೋ ಅಂತ ಕರೀತಿದ್ರೆ ಅವನ ಹೆಸರು ಜಾನ್ ಇರಬಹುದಲ್ವಾ?” ಮತ್ತೊಬ್ಬ: “ಅವಳೇ ಹೆಸರು ಬದಲಾಯಿಸಿ ಹೇಳಿದ್ರೆ?” ನನ್ನ ಪಾಠ ಯೋಜನೆಯಲ್ಲಿ ಇಲ್ಲದ ಈ ಮೂರು ಪ್ರಶ್ನೆಗಳೇ ಪಾಠವನ್ನು ಮುಂದೆ ನಡೆಸಿದವು. ಬಾರ್ನೆಟ್ ಹೇಳಿದ್ದೆಲ್ಲ ಆಕೆಯ ಬಾಯಿಂದ ಕೇಳಿದ್ದು ಎಂಬುದನ್ನು ಮಕ್ಕಳೇ ಗುರುತಿಸಿದರು.

ಹೋಲಿಕೆಗೆ ಅದೇ ವರ್ಷ ಕೊಲೆಯಾದ ಆ್ಯನಿ ಚ್ಯಾಪ್‌ಮನ್ ಪ್ರಸಂಗ ಹೇಳಿದೆ. ಆಕೆಯ ತಂದೆ ಜಾರ್ಜ್ ಸ್ಮಿತ್ ಎರಡನೆಯ ಲೈಫ್ ಗಾರ್ಡ್ಸ್ ರೆಜಿಮೆಂಟಿನ ಸೈನಿಕ. ಅಲ್ಲಿ ರೆಜಿಮೆಂಟು, ತಂದೆತಾಯಿಯ 1842ರ ಮದುವೆ ದಾಖಲೆ, ಮಗಳ ಹೆಸರು ಒಂದಕ್ಕೊಂದು ಕೂಡುತ್ತವೆ. ಮೇರಿಯ ವಿಷಯದಲ್ಲಿ ಎಲ್ಲರೂ ಒಪ್ಪುವಂಥ ಕುಟುಂಬ ಇಂದಿಗೂ ಸಿಕ್ಕಿಲ್ಲ.

ಸ್ವಾವಲೋಕನ: ನನ್ನ ಅಭ್ಯಾಸ ಹಾಳೆಯಲ್ಲಿ ‘ಮೇರಿಯ ಸಹೋದರ ಯಾರು?’ ಎಂಬುದರ ಮುಂದೆ ಒಂದು ಗೆರೆಯಷ್ಟೇ ಇತ್ತು. ಗೆರೆ ಕಂಡರೆ ಮಕ್ಕಳು ತುಂಬುತ್ತಾರೆ. ‘ಸಾಕ್ಷ್ಯ ಸಾಲದು’ ಎಂದು ಬರೆಯಲು ನಾನು ಜಾಗ ಬಿಟ್ಟಿರಲಿಲ್ಲ. ಪಾಠ ವೀಕ್ಷಿಸಿದ ಮಾರ್ಗದರ್ಶಕರು, “ತಪ್ಪು ಮನೆಗೆ ಸೇರಿಸಿದರೆ ಆಕೆಯ ನಿಜವಾದ ಮನೆಯನ್ನು ಮತ್ತೆ ಯಾರು ಹುಡುಕುತ್ತಾರೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಹಾಳೆಯನ್ನು ತಿದ್ದಿದೆ. ಈಗ ಮೂರು ಕಲಂಗಳಿವೆ: ಯಾರು ಹೇಳಿದರು, ಯಾವುದರೊಡನೆ ಕೂಡುತ್ತದೆ, ಇನ್ನೂ ಏನು ಬೇಕು. ಎರಡನೆಯ ಸಲ ಮೂವತ್ತೆಂಟು ಮಕ್ಕಳಲ್ಲಿ ಒಬ್ಬರೂ “ಸಿಕ್ಕಿದ” ಎನ್ನಲಿಲ್ಲ. ಹಿಂದಿನ ಬೆಂಚಿನ ಆ ಹುಡುಗಿ ಮೂರನೆಯ ಕಲಂನಲ್ಲಿ ಬರೆದಿದ್ದಳು: “ಅವಳ ನಿಜವಾದ ಹೆಸರು.”