ಭಾಷೆ ಒಂದೇ, ರೂಢಿ ಬೇರೆ

ಹೊಸ ದೇಶದ ರೀತಿ-ರಿವಾಜು ಅರ್ಥವಾಗದೆ ಉಂಟಾಗುವ ಗಲಿಬಿಲಿ, ಕಿರಿಕಿರಿ, ಒಂಟಿತನಗಳನ್ನು ‘ಕಲ್ಚರ್ ಶಾಕ್’ ಎನ್ನುತ್ತಾರೆ. ಈ ಪದವನ್ನು ಪ್ರಚಾರಕ್ಕೆ ತಂದ ಮಾನವಶಾಸ್ತ್ರಜ್ಞ ಕಲೆರ್ವೋ ಓಬರ್ಗ್ 1960ರ ಲೇಖನದಲ್ಲಿ ಇದರ ನಾಲ್ಕು ಹಂತಗಳನ್ನು ವಿವರಿಸಿದ್ದಾರೆ. ಮೊದಲು ಎಲ್ಲವೂ ಸೊಗಸು, ಬಳಿಕ ಸಿಟ್ಟು, ಮನೆಯ ನೆನಪು, ನಿಧಾನವಾಗಿ ಚೇತರಿಕೆ, ಕೊನೆಗೆ ಹೊಂದಾಣಿಕೆ.

ಇಂಗ್ಲಿಷ್ ಬಲ್ಲವರಿಗೆ ಇಂಗ್ಲಿಷ್ ಮಾತಾಡುವ ದೇಶದಲ್ಲಿ ಈ ತೊಂದರೆ ಇರದು ಎನಿಸಬಹುದು. ಆದರೆ ಭಾಷೆ ಗೊತ್ತಿದೆ ಎಂಬ ಧೈರ್ಯದಲ್ಲಿ ನಾವು ಕೇಳಿ ತಿಳಿಯುವುದನ್ನೇ ಬಿಡುತ್ತೇವೆ.

ಬ್ರಿಟನ್ನಿನಿಂದ ಅಮೆರಿಕಕ್ಕೆ ಹೋದವರನ್ನು ನೋಡಿ. ಬ್ರಿಟನ್ನಿನಲ್ಲಿ ‘ಫಸ್ಟ್ ಫ್ಲೋರ್’ ಎಂದರೆ ಒಂದು ಮೆಟ್ಟಿಲು ಸಾಲು ಹತ್ತಬೇಕು. ಅಮೆರಿಕದಲ್ಲಿ ಸಾಮಾನ್ಯವಾಗಿ ಅದು ನೆಲಮಟ್ಟದ್ದೇ. 4/7 ಎಂದರೆ ಬ್ರಿಟನ್ನಿನಲ್ಲಿ ಜುಲೈ 4, ಅಮೆರಿಕದಲ್ಲಿ ಏಪ್ರಿಲ್ 7. ಎರಡನೇ ಮಹಾಯುದ್ಧದ ಕಾಲದ ಒಂದು ಸಭೆಯಲ್ಲಿ ವಿಷಯವೊಂದನ್ನು ‘ಟೇಬಲ್’ ಮಾಡುವ ಕುರಿತು ಎರಡೂ ದೇಶಗಳ ಅಧಿಕಾರಿಗಳು ಬಹಳ ಹೊತ್ತು ವಾದಿಸಿದ್ದನ್ನು ಚರ್ಚಿಲ್ ಬರೆದಿದ್ದಾರೆ. ಬ್ರಿಟಿಷರಿಗೆ ಆ ಪದದ ಅರ್ಥ ‘ಈಗಲೇ ಚರ್ಚಿಸು’, ಅಮೆರಿಕನ್ನರಿಗೆ ‘ಬದಿಗಿಡು’. ಇಬ್ಬರೂ ಬಯಸಿದ್ದು ಒಂದನ್ನೇ!

ವಿದ್ಯಾರ್ಥಿಗಳೇ, ನಾವು ಕಲಿಯುವ ಇಂಗ್ಲಿಷ್ ಬಹುಮಟ್ಟಿಗೆ ಬ್ರಿಟಿಷ್ ರೂಢಿಯದು. ದಿನಾಂಕವನ್ನೂ ನಾವು ಅವರಂತೆಯೇ ಬರೆಯುತ್ತೇವೆ. ನಾಳೆ ನೀವು ಅಮೆರಿಕಕ್ಕೆ ಓದಲು ಹೋಗಿ, ಸಂದರ್ಶನದ ದಿನವನ್ನು ತಪ್ಪಾಗಿ ಓದಿಕೊಂಡರೆ ಅವಕಾಶವೇ ಕೈತಪ್ಪೀತು. “ಹೀಗೆಂದರೇನು?” ಎಂದು ಕೇಳುವುದು ಅವಮಾನವಲ್ಲ. ಎರಡನೇ ಹಂತದ ಬೇಸರ ಬಂದಾಗ ಅದನ್ನು ನಿಮ್ಮ ಸೋಲೆಂದು ಭಾವಿಸಬೇಡಿ. ಮನೆಯವರೊಂದಿಗೆ ಮಾತಾಡಿ, ಅಲ್ಲಿನ ಸಹಪಾಠಿಗಳನ್ನು ವಿಚಾರಿಸಿ. ಅದು ದಾಟಿ ಹೋಗುವ ಹಂತ.