ಮೈಯಲ್ಲಿನ ರಕ್ತ ಎಲ್ಲಿ ಹೋಯಿತು? ಉಣ್ಣಿಯಿಂದ ಬರುವ ಅನಾಪ್ಲಾಸ್ಮಾ ರೋಗ



ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡುತ್ತದೆ. ತೇರಿನ ಜೊತೆಗೆ ದನಗಳ ಜಾತ್ರೆಯೂ ನೆರೆಯುತ್ತದೆ. ಅಲ್ಲಿಂದ ನೀವು ಒಂದು ಆಕಳು ತಂದಿರಿ ಎಂದುಕೊಳ್ಳಿ. ಅದು ಚೆನ್ನಾಗಿಯೇ ಇದೆ. ಆದರೆ ಒಂದು ತಿಂಗಳ ನಂತರ ನಿಮ್ಮ ಮನೆಯ ಹಳೆಯ ಮಿಶ್ರತಳಿ ಆಕಳು ಮೇವು ಬಿಡುತ್ತದೆ. ಜ್ವರ ಬಂದು ಹಾಲು ಇಳಿಯುತ್ತದೆ. ಕಣ್ಣಿನ ಒಳರೆಪ್ಪೆ ಮೊದಲು ಬೆಳ್ಳಗಾಗಿ, ಆಮೇಲೆ ಹಳದಿಯಾಗುತ್ತದೆ. "ಸಾಹೇಬ್ರ, ಗಾಯಿಲ್ಲ, ಮೂತ್ರಾನೂ ಕೆಂಪಿಲ್ಲ. ಮೈಯಾಗಿನ ರಕ್ತ ಎಲ್ಲಿ ಹೋತ್ರೀ?" ಎಂದು ನೀವು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ ಅದು.

ರೋಗಾಣು ಮನೆ ಮಾಡುವುದು ಎಲ್ಲಿ?

ಈ ಬ್ಯಾಕ್ಟೀರಿಯಾದ ಹೆಸರು ಅನಾಪ್ಲಾಸ್ಮಾ ಮಾರ್ಜಿನೇಲ್. 1910ರಲ್ಲಿ ದಕ್ಷಿಣ ಆಫ್ರಿಕಾದ ಪಶುವೈದ್ಯ ಅರ್ನಾಲ್ಡ್ ಥೈಲರ್ ಇದನ್ನು ಕೆಂಪು ರಕ್ತಕಣದ ಅಂಚಿನಲ್ಲಿ ಚುಕ್ಕೆಯಾಗಿ ಗುರುತಿಸಿದರು. ಇಂದಿಗೂ ಸೂಕ್ಷ್ಮದರ್ಶಕದಲ್ಲಿ ನಾವು ಹುಡುಕುವುದು ಆ ಚುಕ್ಕೆಯನ್ನೇ.

ಉಣ್ಣಿಯಿಂದ ಬರುವ ಇದರ ದಾಯಾದಿಗಳು ಬೇರೆ ಬೇರೆ ಕಡೆ ಸೇರುತ್ತವೆ. ಆಫ್ರಿಕಾದ ದನಗಳಲ್ಲಿ ಒಂದು ರೋಗಾಣು ರಕ್ತನಾಳದ ಒಳಪದರದ ಕೋಶಗಳನ್ನು ಹಿಡಿಯುತ್ತದೆ. ನಾಳ ಸೋರಿ, ಎದೆಯಲ್ಲಿ ಮತ್ತು ಹೃದಯದ ಸುತ್ತ ನೀರು ತುಂಬುತ್ತದೆ. ನಮ್ಮ ನಾಯಿಗಳಲ್ಲಿ ಇನ್ನೊಂದು ಬಿಳಿ ರಕ್ತಕಣವನ್ನು ಸೇರುತ್ತದೆ. ಆಕಳ ಅನಾಪ್ಲಾಸ್ಮಾಕ್ಕೆ ಕೆಂಪು ರಕ್ತಕಣವೇ ಮನೆ.

ಗುಲ್ಮ ಮಾಡುವ ಕೆಲಸ

ಈ ರೋಗಾಣು ರಕ್ತಕಣವನ್ನು ತಾನೇ ಒಡೆಯುವುದಿಲ್ಲ. ರೋಗಾಣು ಹೊಕ್ಕ ಕಣಗಳನ್ನು ಗುಲ್ಮದಲ್ಲಿರುವ ಭಕ್ಷಕ ಕೋಶಗಳು ಗುರುತಿಸಿ ನುಂಗುತ್ತವೆ. ರೋಗ ಬಲಿತಾಗ ಒಳ್ಳೆಯ ಕಣಗಳನ್ನೂ ಬಿಡುವುದಿಲ್ಲ. ಕಳೆ ಕೀಳಲು ಹೋಗಿ ಜೋಳವನ್ನೂ ಕಿತ್ತಂತೆ. ಆಕಳ ರಕ್ತ ಹೋಗುವುದು ಹೀಗೆ, ಅದರ ಸ್ವಂತ ಕಾವಲುಗಾರರಿಂದ. ನುಂಗಿದ ಕಣಗಳ ಬಣ್ಣದಿಂದ ಕಾಮಾಲೆ ಬರುತ್ತದೆ. ಕಣಗಳು ನಾಳದೊಳಗೆ ಒಡೆಯದ ಕಾರಣ ಮೂತ್ರ ಕೆಂಪಾಗುವುದಿಲ್ಲ. ಕೆಂಪು ಮೂತ್ರ ಕಂಡರೆ ಬಬೇಸಿಯಾ ಎಂಬ ಬೇರೆ ಉಣ್ಣಿ ರೋಗವನ್ನು ಶಂಕಿಸಬೇಕು.

ಗುಣವಾದ ಮೇಲೂ ಉಳಿಯುತ್ತದೆ

ರೋಗಾಣು ತನ್ನ ಹೊರಕವಚದ ಪ್ರೋಟೀನನ್ನು ಆಗಾಗ ಬದಲಿಸುತ್ತದೆ. ರಕ್ಷಣಾ ಕೋಶಗಳು ಒಂದು ವೇಷವನ್ನು ಗುರುತಿಸುವಷ್ಟರಲ್ಲಿ ಅದು ಇನ್ನೊಂದು ವೇಷ ಹಾಕಿರುತ್ತದೆ. ಆದ್ದರಿಂದ ಚೇತರಿಸಿಕೊಂಡ ದನ ನೋಡಲು ಆರೋಗ್ಯವಾಗಿದ್ದರೂ ವರ್ಷಗಟ್ಟಲೆ ರೋಗಾಣು ಹೊತ್ತಿರಬಹುದು. ಜಾತ್ರೆಯ ಆಕಳೂ ಅಂಥದ್ದಿರಬಹುದು. ಅದರಿಂದ ಉಣ್ಣಿ, ಕಚ್ಚುವ ನೊಣ ಅಥವಾ ಒಂದೇ ಸೂಜಿಯ ಮೂಲಕ ರೋಗ ದಾಟುತ್ತದೆ. ಒಂದು ವರ್ಷದೊಳಗಿನ ಕರುಗಳು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ಮೊದಲು ಈ ರೋಗ ಕಾಣದ ದೊಡ್ಡ ಆಕಳು ಸಾಯಲೂಬಹುದು.

ನೀವು ಮಾಡಬೇಕಾದದ್ದು

1. ಹೊಸ ದನವನ್ನು ಕೆಲವು ವಾರ ಬೇರೆ ಕಡೆ ಕಟ್ಟಿ. ಕಿವಿ, ಗಂಗೆದೊಗಲು, ಕೆಚ್ಚಲು, ಬಾಲದ ಬುಡದಲ್ಲಿ ಉಣ್ಣಿ ಹುಡುಕಿ. ರಕ್ತ ಪರೀಕ್ಷೆ ಮಾಡಿಸಿ. ಲೇಪನದಲ್ಲಿ ಚುಕ್ಕೆ ಕಾಣದಿದ್ದರೂ ರೋಗಾಣು ಇಲ್ಲವೆಂದು ತಿಳಿಯಬೇಡಿ.

2. ಉಣ್ಣಿ ಔಷಧವನ್ನು ವೈದ್ಯರು ಹೇಳಿದ ಅಳತೆಯಲ್ಲೇ ಬಳಸಿ. ಕೊಟ್ಟಿಗೆಯ ಗೋಡೆ, ನೆಲದ ಬಿರುಕುಗಳನ್ನು ಮುಚ್ಚಿ. ಕೆಳಗೆ ಬಿದ್ದ ಒಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆ ಇಡುತ್ತದೆ.

3. ಪ್ರತಿ ದನಕ್ಕೂ ಹೊಸ ಸೂಜಿ ಕೇಳಿ. ನಾವೇ ಬಂದಾಗಲೂ ಕೇಳಿ, ಸಂಕೋಚ ಬೇಡ.

4. ರೆಪ್ಪೆ ಬೆಳ್ಳಗಾದ ಆಕಳನ್ನು ಆಸ್ಪತ್ರೆಗೆ ನಡೆಸಿಕೊಂಡು ಬರಬೇಡಿ. ರಕ್ತ ಕಡಿಮೆ ಇರುವಾಗ ದಣಿವಾದರೆ ಉಸಿರು ಸಾಲದೆ ದಾರಿಯಲ್ಲೇ ಬೀಳಬಹುದು. ನೆರಳಲ್ಲಿ ಕಟ್ಟಿ, ನೀರು ಇಟ್ಟು, ನಮ್ಮನ್ನು ಕರೆಯಿರಿ.

5. ಈ ರೋಗಕ್ಕೆ ಪೆನಿಸಿಲಿನ್ ನಾಟುವುದಿಲ್ಲ. ಆಕ್ಸಿಟೆಟ್ರಾಸೈಕ್ಲಿನ್‌ನಂಥ ಔಷಧ ಬೇಕು, ಅದೂ ಬೇಗ. ಚಿಕಿತ್ಸೆಯ ನಂತರ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ.

ದಿನಾ ಹಾಲು ಹಿಂಡುವ ಮುನ್ನ ಆಕಳ ಕೆಳರೆಪ್ಪೆಯನ್ನು ಒಮ್ಮೆ ಸರಿಸಿ ನೋಡಿ. ಗುಲಾಬಿ ಬಣ್ಣ ಇದ್ದರೆ ಚಿಂತೆಯಿಲ್ಲ. ಬಿಳಿಚಿಕೊಂಡಿದ್ದರೆ ಅಂದೇ ಕರೆ ಮಾಡಿ. ಹಳದಿಯಾಗುವವರೆಗೆ ಕಾಯಬೇಡಿ.